ಚಕ್ರದ ಕೆಳಗಿನ ನಿಂಬೆಹಣ್ಣು

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಹಿಂದೆ ಗೋಡೆಗೆ ಒರಗಿ. ಇದು ಹುಣಸೇಕಟ್ಟೆಯ ಲಾರಿಯ ಕತೆ. ಇದರಲ್ಲಿ ಒಂದೇ ಒಂದು ಸುಳ್ಳು ಸಿಕ್ಕಿದರೆ ಆ ಲಾರಿಯ ಅಷ್ಟೂ ಚಕ್ರ ಪಂಕ್ಚರ್ ಆಗಿಹೋಗಲಿ!

ಹುಣಸೇಕಟ್ಟೆಯಲ್ಲಿ ದುರುಗಮ್ಮ ಅಂತ ಒಬ್ಬ ತಾಯಿ. ಅವಳಿಗೆ ಓಬಳೇಶ ಅಂತ ಒಬ್ಬನೇ ಮಗ. ಆಳು ಎಷ್ಟೆತ್ತರ ಅಂದರೆ ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರಬೇಕು. ಬುದ್ಧಿ ಮಾತ್ರ ಹೊಸ್ತಿಲಾಚೆಯೇ ನಿಂತುಬಿಟ್ಟಿತ್ತು. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿಯಿಲ್ಲ. "ಓಬಳೇಶಾ, ಹಾಲು ಉಕ್ಕೋದನ್ನ ನೋಡ್ತಿರೋ" ಅಂದರೆ ಹಾಲು ಉಕ್ಕಿ, ಚೆಲ್ಲಿ, ಒಲೆ ಆರುವ ತನಕ ನೋಡುತ್ತಾ ಕೂರುತ್ತಿದ್ದ.

"ನೋಡಿದ್ಯೇನೋ?"

"ಕಣ್ತುಂಬಾ ನೋಡಿದೆ ಕಣವ್ವಾ!"

ದುರುಗಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಚಚ್ಚಿ ಚಚ್ಚಿ ಅವಳ ಹಣೆಯಲ್ಲಿ ಕುಂಕುಮ ಇಡುವಷ್ಟು ಗುಂಡಿಯೇ ಬಿದ್ದಿತ್ತು ಅನ್ನುತ್ತಾರೆ.

ಇನ್ನು ಲಾರಿ. ಓಬಳೇಶನ ಅಪ್ಪ ಬೊಮ್ಮಣ್ಣ ಡ್ರೈವರು. ಅವನು ತೀರಿಕೊಂಡ ದಿನ ಮನೆ ಮುಂದಿನ ಹುಣಸೆಮರದ ಕೆಳಗೆ ನಿಂತ ಲಾರಿ ಹದಿನೇಳು ವರ್ಷ ಆದರೂ ಅಲ್ಲೇ ನಿಂತಿತ್ತು. ಈಗಿನ ಮೊಂಡು ಮೂತಿಯ ಲಾರಿ ಅಲ್ಲ ಅದು, ಮುಂದೆ ಮೊಸಳೆಯಂತೆ ಉದ್ದ ಮೂತಿ ಚಾಚಿದ ಲಾರಿ. ಅದರ ಕಾಲದಲ್ಲಿ ಹೇಗಿತ್ತು ಅಂತೀರಿ! ರಬ್ಬರ್ ಹಾರನ್ ಅಮುಕಿದರೆ ಏಳೂರಿನ ಎಮ್ಮೆಗಳು ತಿಂಗಳು ಮುಂಚೆಯೇ ಕರು ಹಾಕುತ್ತಿದ್ದವು. ಗುಡ್ಡ ಹತ್ತುವಾಗ ಗುಡ್ಡವೇ ಒಂದು ಮೊಳ ಬಗ್ಗಿ ದಾರಿ ಕೊಡುತ್ತಿತ್ತು. ಈಗ? ಮೈತುಂಬ ತುಕ್ಕು. ಸ್ಟೇರಿಂಗಿಗೆ ತೊಂಡೆಬಳ್ಳಿ ಸುತ್ತಿತ್ತು. ಡ್ರೈವರ್ ಸೀಟಿನಲ್ಲಿ ದುರುಗಮ್ಮನ ಹ್ಯಾಟೆ ಕೋಳಿ ಕಾವಿಗೆ ಕೂತಿತ್ತು.

ಓಬಳೇಶನಿಗೆ ಹೆಣ್ಣು ಕೊಡುವವರು ಯಾರು? ಯಾರೂ ಇಲ್ಲ. ಕೊನೆಗೆ ಪಕ್ಕದ ಗೊಲ್ಲರದೊಡ್ಡಿಯಿಂದ ಗಾದಿಲಿಂಗಪ್ಪ ಬಂದ. ಈಗ ಶೇಂಗಾ ಬೆಳೆಯುವ ಗಟ್ಟಿಕುಳ. ಆದರೆ ಹಿಂದೆ ಬೊಮ್ಮಣ್ಣನ ಲಾರಿಗೆ ಇವನೇ ಕ್ಲೀನರು. ಬಂದವನು ಲಾರಿ ನೋಡಿದ, ಟವೆಲ್ಲಿನಿಂದ ಕಣ್ಣೊರೆಸಿಕೊಂಡ, ಆಮೇಲೆ ಕೂಗಾಡಿದ.

"ದುರುಗಕ್ಕಾ, ನನ್ನ ಮಗಳು ಹುಲಿಗೀನ ನಿಮ್ಮ ಮನೆಗೆ ಕೊಡಬೇಕು ಅಂತಲೇ ಬಂದೆ. ಆದ್ರೆ ನಾನು ಹನ್ನೆರಡು ವರ್ಷ ಜೋತಾಡಿದ ಲಾರಿ ಹಿಂಗೆ ತುಕ್ಕು ಹಿಡಿದು ಬಿದ್ದಿರೋ ಮನೆಗೆ ಹೆಂಗೆ ಕೊಡಲಿ? ಇವತ್ತಿಗೆ ಹತ್ತು ದಿನಕ್ಕೆ ಸೋಮವಾರ. ಅಷ್ಟರೊಳಗೆ ಈ ಲಾರಿ ತನ್ನ ಎಂಜಿನ್ ಮೇಲೆ ನಮ್ಮನೆ ಬಾಗಿಲಿಗೆ ಬರ್ಲಿ. ಬಂದ್ರೆ ಹೆಣ್ಣು ನಿಮ್ದು. ಬರಲಿಲ್ವಾ, ಹಿರಿಯೂರು ಕಡೆ ಗಂಡು ನೋಡಿಟ್ಟೀನಿ!"

ದುರುಗಮ್ಮ ಓಡಿದಳು. ಮಗನ ಜೊತೆ ಗೋಲಿ ಆಡಿ ಬೆಳೆದ ಇಬ್ಬರು ಗೆಳೆಯರನ್ನು ಹಿಡಿದು ತಂದಳು. ಒಬ್ಬ ಫಕ್ರು, ಟ್ರ್ಯಾಕ್ಟರ್ ಮೆಕ್ಯಾನಿಕ್. ಕೆಮ್ಮುವ ಎಂಜಿನ್ನಿನ ಎದೆಗೆ ಕಿವಿ ಇಟ್ಟು ಅದರ ಊರು, ವಯಸ್ಸು ಹೇಳುವಂಥವನು. ಇನ್ನೊಬ್ಬ ಚನ್ನವೀರ, ಪೇಂಟರು. ಅವನು ಬರೆದ ಗಿಳಿಗೆ ಊರ ಬೆಕ್ಕು ಹಾರಿ ಮೂತಿ ಒಡೆದುಕೊಂಡಿತ್ತು.

ದುರುಗಮ್ಮ ಮಗನ ಗಲ್ಲ ಹಿಡಿದು ಹೇಳಿದಳು: "ಮಗಾ, ನಿನ್ನ ದಮ್ಮಯ್ಯ. ನೀನಾಗೇ ಏನೂ ಯೋಚನೆ ಮಾಡಬೇಡ. ಇವರು ಹೇಳಿದ್ದನ್ನ ಹೇಳಿದಂಗೆ ಮಾಡು."

"ಹೂಂ ಕಣವ್ವಾ!" ಅಂದ ಓಬಳೇಶ.

ಅಲ್ಲಿಗೆ ಶುರುವಾಯಿತು ನೋಡಿ!

ಮೊದಲ ದಿನ ಫಕ್ರು ಅವನ ಕೈಗೆ ಉಪ್ಪುಕಾಗದ ಕೊಟ್ಟ. "ಓಬಳೇಶಾ, ಈ ಮಡ್ಗಾರ್ಡ್ ಹಿಡಿ. ತುಕ್ಕೆಲ್ಲಾ ಹೋಗೋ ತನಕ ಉಜ್ಜು. ಒಂಚೂರೂ ತುಕ್ಕು ಉಳೀಬಾರದು."

ಓಬಳೇಶ ಉಜ್ಜಿದ. ಕೆಂಪು ಪುಡಿ ಉದುರಿತು, ಉಜ್ಜಿದ. ತೂತು ಬಿತ್ತು, ತೂತಿನ ಸುತ್ತ ತುಕ್ಕಿತ್ತು, ಉಜ್ಜಿದ. ಸಂಜೆಗೆ ಫಕ್ರು ಬಂದು ನೋಡಿದರೆ ಮಡ್ಗಾರ್ಡ್ ಇರುವ ಕಡೆ ಗಾಳಿ ಆಡುತ್ತಿದೆ! ನೆಲದ ಮೇಲೆ ಒಂದು ಮೊರ ಕೆಂಪು ಪುಡಿ.

"ಮಡ್ಗಾರ್ಡ್ ಎಲ್ಲೋ?"

"ತುಕ್ಕು ಹೋಗೋ ತನಕ ಉಜ್ಜು ಅಂದ್ಯಲ್ಲ. ತುಕ್ಕು ಮುಗಿಯೋ ಹೊತ್ತಿಗೆ ಅದೂ ಮುಗೀತು."

"ಯಾ ಅಲ್ಲಾ! ಹದಿನೇಳು ವರ್ಷದ ಸಾಮಾನು ಕಣೋ, ಹಿಂಗೆ ಉಜ್ಜುತ್ತಾರೇನೋ? ಲಾರಿ ಸಾಮಾನು ಕೈಗೆ ಬಂದ್ರೆ ಮೊದಲು ಚೆನ್ನಾಗಿ ಎಣ್ಣೆ ಕುಡಿಸಬೇಕು. ರಾತ್ರಿಯೆಲ್ಲಾ ನೆನೆಯೋಕೆ ಬಿಡಬೇಕು. ಎಣ್ಣೆ, ಎಣ್ಣೆ! ತಿಳೀತಾ?"

"ತಿಳೀತು. ಮುಂದಿನ ಸಲ ಹಂಗೇ ಮಾಡ್ತೀನಿ!"

ಮನೆಯೊಳಗೆ ಹೋಗುತ್ತಾ ಓಬಳೇಶ ತಲೆ ಕೆರೆದುಕೊಂಡ. ಉಜ್ಜು ಅಂದರು, ಉಜ್ಜಿದೆ. ಒಂಚೂರೂ ಉಳೀಬಾರದು ಅಂದರು, ಒಂಚೂರೂ ಉಳಿಸಲಿಲ್ಲ. ಆದರೂ ಯಾಕೆ ಬೈದರು? ಗೊತ್ತಾಗಲಿಲ್ಲ. ಹೋಗಲಿ ಅಂತ "ಎಣ್ಣೆ, ಎಣ್ಣೆ" ಅಂದುಕೊಂಡೇ ಮಲಗಿದ.

ಮಾರನೇ ದಿನ ಫಕ್ರು ಅವನನ್ನು ಪೇಟೆಗೆ ಅಟ್ಟಿದ. "ಬ್ರೇಕಿನ ಲೈನರ್ ತಗೊಂಡ್ಬಾ. ಓಡೋ ಚಕ್ರಾನ ಕಚ್ಚಿ ಹಿಡಿದು ನಿಲ್ಲಿಸೋದು ಅದೇ ಕಣೋ, ಹುಷಾರು!"

ತಂದ. ಹುಷಾರಾಗಿಯೇ ತಂದ. ತಂದವನು ಅವ್ವನ ಶೇಂಗಾ ಎಣ್ಣೆಯ ಡಬ್ಬಿಗೆ ಅಷ್ಟನ್ನೂ ಇಳಿಬಿಟ್ಟ. ರಾತ್ರಿಯೆಲ್ಲಾ ನೆನೆದವು. ಬೆಳಗ್ಗೆ ನೋಡಿದರೆ ಲೈನರು ಹಬ್ಬದ ದಿನ ಎಣ್ಣೆಸ್ನಾನಕ್ಕೆ ಕೂತ ಮಾವನ ಹಾಗೆ ಮಿರಮಿರ ಮಿಂಚುತ್ತಿದ್ದವು.

"ಲೇ ಲೇ ಲೇ! ಬ್ರೇಕಿಗೆ ಎಣ್ಣೆ ಹಚ್ಚಿದ್ರೆ ಚಕ್ರ ಹಿಡೀತದೇನೋ? ಜಾರ್ತದೆ!"

"ಸಾಮಾನಿಗೆ ಎಣ್ಣೆ ಕುಡಿಸು ಅಂದ್ಯಲ್ಲ? ಕುಡೀತು. ಎರಡು ಸೇರು ಕುಡೀತು!"

ಫಕ್ರು ಪಕ್ಕದ ಕಂಬಕ್ಕೆ ಹಣೆ ಗುದ್ದಿಕೊಂಡ. "ಕೇಳೋ ಮಾರಾಯ. ಎಣ್ಣೆ ಜಿಡ್ಡು ಕಂಡ್ರೆ ಏನು ಮಾಡಬೇಕು? ಸೀಮೆಎಣ್ಣೇಲಿ ಅದ್ದಿ ತೊಳೀಬೇಕು. ತೊಳೆದು ಬಿಸಿಲಿಗೆ ಒಣಗಿ ಹಾಕಬೇಕು. ಎಲ್ಲೇ ಜಿಡ್ಡು ಕಾಣ್ಲಿ, ಸೀಮೆಎಣ್ಣೆ, ಬಿಸಿಲು!"

ಅವನೇ ಕೂತು ತೊಳೆದ, ಒಣಗಿಸಿದ, ಹಾಕಿದ. ಆದರೆ ಎರಡು ಸೇರು ಕುಡಿದ ಲೈನರು ಬಿಟ್ಟೀತೇ? ಬ್ರೇಕ್ ತುಳಿದರೆ ಚಕ್ರ ಅರೆಮನಸ್ಸಿನಿಂದ ನಿಲ್ಲುತ್ತಿತ್ತು, ಬಂದ ನೆಂಟರು ಹೊರಡುವಾಗ ಬಾಗಿಲಲ್ಲಿ ನಿಲ್ಲುತ್ತಾರಲ್ಲ, ಹಾಗೆ. ನಿಂತ ಹಾಗೂ ಇರುತ್ತದೆ, ಹೋಗುತ್ತಾ ಇರುವ ಹಾಗೂ ಇರುತ್ತದೆ.

"ಇರ್ಲಿ" ಅಂದ ಫಕ್ರು. "ಹಿಂದಿನ ಕಾಲದ ಹಂಗೆ ಕ್ಲೀನರ್ ಇಳಿದು ಚಕ್ರಕ್ಕೆ ಕಲ್ಲು ಕೊಟ್ರಾಯ್ತು."

ಅಂದು ಮಧ್ಯಾಹ್ನ ದುರುಗಮ್ಮ ಗೆಳೆಯರಿಗೆ ಅಂತ ಬುತ್ತಿ ಕಟ್ಟಿ ಮಗನ ಕೈಗೆ ಕೊಟ್ಟಳು. ಜೋಳದ ರೊಟ್ಟಿ, ಮೇಲೆ ಬದನೆಕಾಯಿ ಎಣ್ಣೆಗಾಯಿ. ಆ ಎಣ್ಣೆಗಾಯಿ ಘಮ ಎಂಥದ್ದು ಅಂದರೆ ದಾರಿಯಲ್ಲಿ ಹೋಗುವ ಬಸ್ಸು ತಾನಾಗಿಯೇ ನಿಧಾನ ಆಗುತ್ತಿತ್ತು. ಓಬಳೇಶ ಬುತ್ತಿ ಬಿಚ್ಚಿ ನೋಡಿದ. ಬದನೆಕಾಯಿಗೆ ಎಣ್ಣೆ! ಮಸಾಲೆಗೆ ಎಣ್ಣೆ! ಎಲ್ಲೆಲ್ಲೂ ಜಿಡ್ಡು!

'ಸದ್ಯ ನಾನು ನೋಡಿದೆ' ಅಂದುಕೊಂಡ.

ಫಕ್ರು, ಚನ್ನವೀರ ಕೈತೊಳೆದು ಕೂತರು. ಓಬಳೇಶ ನಗುತ್ತಾ ಲಾರಿಯ ಮೂತಿ ತೋರಿಸಿದ. ಅದರ ಮೇಲೆ ಹದಿನಾರು ಬದನೆಕಾಯಿ ಸಾಲಾಗಿ ಒಣಗುತ್ತಿದ್ದವು. ಸೀಮೆಎಣ್ಣೆ ವಾಸನೆಗೆ ನೊಣ ಕೂಡ ಮೂಗು ಮುಚ್ಚಿಕೊಂಡು ದೂರ ಕೂತಿದ್ದವು.

ಚನ್ನವೀರ ಗೊತ್ತಿಲ್ಲದೆ ಒಂದನ್ನು ಬಾಯಿಗೆ ಹಾಕಿಕೊಂಡಿದ್ದ. ಮೂರು ದಿನ ಅವನ ಹತ್ತಿರ ಯಾರೂ ಬೀಡಿ ಹಚ್ಚಲಿಲ್ಲ.

ಈ ಸಲ ಬೈದವಳು ದುರುಗಮ್ಮ. "ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದವನೇ! ಕೈಗೆ ಕೊಟ್ಟಿದ್ದನ್ನ ಬಿಚ್ಚಬಾರದು ಕಣೋ! ಒದ್ದೆಬಟ್ಟೆ ಸುತ್ತಿ, ತಲೆ ಮೇಲೆ ಹೊತ್ತು, ನೆರಳಲ್ಲೇ ನಡ್ಕೊಂಡು, ಎಲ್ಲೂ ಕೆಳಗಿಡದೆ ತಂದು ಮುಟ್ಟಿಸಬೇಕು!"

"ಒದ್ದೆಬಟ್ಟೆ, ತಲೆ ಮೇಲೆ, ನೆರಳು, ಕೆಳಗಿಡಬಾರದು. ಹೂಂ ಕಣವ್ವಾ!"

ಐದನೇ ದಿನ ಪೇಟೆಯಿಂದ ಟೈರು ತರಬೇಕಿತ್ತು. ಗಾಳಿ ತುಂಬಿದ ಲಾರಿ ಟೈರು! ಓಬಳೇಶ ಅದಕ್ಕೆ ಒದ್ದೆ ಪಂಚೆ ಸುತ್ತಿದ, ತಲೆ ಮೇಲೆ ಹೊತ್ತ, ಹೊರಟ. ದಾರಿ ಬರೀ ಬಯಲು. ನೆರಳೆಲ್ಲಿ? ಒಂದು ಜಾಲಿಗಿಡದ ನೆರಳಿಗೆ ಬಂದ. ಮುಂದೆ ನೆರಳಿಲ್ಲ, ನಿಂತ. ಕೆಳಗಿಡಬಾರದಲ್ಲ, ಹೊತ್ತುಕೊಂಡೇ ನಿಂತ. ಒಂದು ಮೋಡ ಬಂತು. ಮೋಡದ ನೆರಳು ಹಿಡಿದು ಓಡಿದ. ಮೋಡ ಅಡ್ಡಾದಿಡ್ಡಿ ಹೋಯಿತು, ಇವನೂ ಅಡ್ಡಾದಿಡ್ಡಿ ಹೋದ. ಮೂರು ಮೈಲಿ ದಾರಿಗೆ ಮೂರು ಊರು ಸುತ್ತಿ, ಮಾರನೇ ಬೆಳಗ್ಗೆ ಬಂದು ಸೇರಿದ. ಕುತ್ತಿಗೆ ಎರಡು ಬೆರಳು ಒಳಕ್ಕೆ ಹೋಗಿತ್ತು.

"ಒಂದು ದಿನ ಹಾಳಾಯ್ತಲ್ಲೋ!" ಅಂತ ಫಕ್ರು ಕುಣಿದ. "ದುಂಡಗಿರೋದನ್ನ ಯಾರಾದ್ರೂ ಹೊರ್ತಾರೇನೋ? ನೆಲಕ್ಕೆ ಬಿಟ್ಟು ತಳ್ಳಬೇಕು. ತಾನೇ ಉರುಳ್ಕೊಂಡು ಬರ್ತದೆ!"

ಓಬಳೇಶನ ಬಾಯಿ ತೆರೆದೇ ಉಳಿಯಿತು. ಅವ್ವ ಹೊರು ಅನ್ನುತ್ತಾಳೆ, ಇವನು ಹೊರಬೇಡ ಅನ್ನುತ್ತಾನೆ. ಇಬ್ಬರಿಗೂ ಒಂದೇ ದಿನ ಸಿಟ್ಟು ಬರದ ಹಾಗೆ ಬದುಕುವುದು ಹೇಗಪ್ಪಾ? ಆದರೂ ಹೇಳಿದ: "ಮುಂದಿನ ಸಲ ಹಂಗೇ ಮಾಡ್ತೀನಿ!"

ಮುಂದಿನ ಸಲ ತರಬೇಕಿದ್ದದ್ದು ಕೆಂಪು ಪೇಂಟಿನ ಡಬ್ಬ. ದುಂಡನೆಯ ದೊಡ್ಡ ಡಬ್ಬ. ಏನಾಗಿರಬೇಕು ಅಂತ ಹೇಳಬೇಕೇ? ಅಂಗಡಿ ಮುಂದೆಯೇ ನೆಲಕ್ಕೆ ಬಿಟ್ಟ, ತಳ್ಳಿದ. ಎರಡನೇ ಮೈಲಿಕಲ್ಲಿನ ಹತ್ತಿರ ಮುಚ್ಚಳ ಸಡಿಲ ಆಯಿತು. ಅಲ್ಲಿಂದ ಊರಿನ ತನಕ ದಾರಿ ಉದ್ದಕ್ಕೂ ಕೆಂಪು ಗೆರೆ! ಆ ಗೆರೆ ನೋಡಿ, ಸರ್ಕಾರ ಹೊಸ ರಸ್ತೆ ಮಾಡುತ್ತದೆ ಅಂತ ಇಬ್ಬರು ರೈತರು ಬೇಲಿ ಹಿಂದಕ್ಕೆ ಸರಿಸಿಕೊಂಡರಂತೆ.

ಡಬ್ಬದ ತಳದಲ್ಲಿ ಉಳಿದದ್ದು ಒಂದು ಚೊಂಬು ಬಣ್ಣ. ಚನ್ನವೀರ ಕೂತು ಅತ್ತ. "ಇಷ್ಟರಲ್ಲಿ ಮೂತಿಗೆ ಮಾತ್ರ ಆಗ್ತದೆ. ಮೂತಿ ಕೆಂಪು, ಹಿಂದೆಲ್ಲಾ ತುಕ್ಕು. ಮುಖಕ್ಕೆ ಪೌಡರ್ ಹಚ್ಕೊಂಡು ಕಾಲು ತೊಳೀದೆ ಮದುವೆಗೆ ಹೋದಂಗೆ!"

"ಉರುಳಿಸು ಅಂದಿದ್ದು ಫಕ್ರು" ಅಂದ ಓಬಳೇಶ.

"ಸೋರ್ತಿರೋದು ಕಣ್ಣಿಗೆ ಕಾಣಲಿಲ್ವೇನೋ?" ಅಂತ ಚನ್ನವೀರ ಚೀರಿದ. "ಯಾವ ತೂತಿಂದ ಏನೇ ಹೊರಗೆ ಬರ್ತಿರಲಿ, ತಕ್ಷಣ ಬಿರಡೆ ಜಡಿದು ಬಂದೋಬಸ್ತು ಮಾಡಬೇಕು!"

"ಬಿರಡೆ, ಬಂದೋಬಸ್ತು. ಹೂಂ!"

ಭಾನುವಾರ ಬಂತು. ನಾಳೆಯೇ ಗಡುವು. ಫಕ್ರು ಎಂಜಿನ್ ಬಿಗಿದ, ಪೈಪು ಜೋಡಿಸಿದ, ತೊಂಡೆಬಳ್ಳಿ ಕಿತ್ತ. ಕೋಳಿ ಮಾತ್ರ ಸೀಟು ಬಿಡಲಿಲ್ಲ. ಅದಕ್ಕೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟು ತಾನು ಅರ್ಧ ಸೀಟಿನಲ್ಲಿ ಕೂತ. ಚನ್ನವೀರ ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುವಿದ. ಗರ್... ಗರ್... ಗರ್‌ರ್‌ರ್... ಧಡ್ ಧಡ್ ಧಡ್! ಹದಿನೇಳು ವರ್ಷದ ಮೇಲೆ ಲಾರಿ ಉಸಿರಾಡಿತು! ದುರುಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಬೊಮ್ಮಣ್ಣನೇ ಕೆಮ್ಮಿದ ಹಾಗಾಯಿತು ಅವಳಿಗೆ.

ಹಿಂದೆ ನಿಂತಿದ್ದ ಓಬಳೇಶ ಮಾತ್ರ ಬೆಚ್ಚಿಬಿದ್ದ. ಒಂದು ತೂತಿನಿಂದ ಬುಸುಬುಸು ಹೊಗೆ ಹೊರಗೆ ಬರುತ್ತಿದೆ! ಹೇಳಿದ್ದು ನೆನಪಾಯಿತು. ಒಂದು ದಪ್ಪ ಮೆಕ್ಕೆಜೋಳದ ದಿಂಡಿಗೆ ಬಟ್ಟೆ ಸುತ್ತಿ, ಹೊಗೆಕೊಳವೆಗೆ ಇಟ್ಟು, ಸುತ್ತಿಗೆಯಿಂದ ಠಣ್ ಠಣ್ ಜಡಿದ.

ಲಾರಿ ಒಂದು ಸಲ ಉಬ್ಬಿತು. ಎರಡು ಸಲ ಉಬ್ಬಿತು. ಮೂರನೇ ಸಲಕ್ಕೆ ಧಡಾಲ್! ಜೋಳದ ದಿಂಡು ಹುಣಸೆಮರ ಸೀಳಿಕೊಂಡು ಹಾರಿ ಕೆರೆ ದಾಟಿತು. ಆ ಒಂದೇ ಏಟಿಗೆ ಮರದ ಕಾಯೆಲ್ಲಾ ಉದುರಿ, ಆ ವರ್ಷ ಊರಿನಲ್ಲಿ ಯಾರೂ ಹುಣಸೆ ಬಡಿಯಲಿಲ್ಲ, ಬರೀ ಆರಿಸಿದರು. ಎಂಜಿನ್ ನಿಂತಿತು. ಫಕ್ರು ಇಡೀ ಸಂಜೆ ಬಿಚ್ಚಿ ಜೋಡಿಸಬೇಕಾಯಿತು.

"ಲೇ ಓಬಳೇಶಾ! ಹೊರಟಿರೋದಕ್ಕೆ ಯಾವತ್ತೂ ಅಡ್ಡ ಇಡಬಾರದು ಕಣೋ! ಅಡ್ಡ ಏನಿದ್ರೂ ಎತ್ತಿ ಬಿಸಾಕಬೇಕು!"

"ಅಡ್ಡ ಇಡಬಾರದು. ಎತ್ತಿ ಬಿಸಾಕಬೇಕು. ಮುಂದಿನ ಸಲ ಹಂಗೇ..."

"ಮುಂದಿನ ಸಲ ಅನ್ನಬೇಡ್ವೋ, ಎದೆ ನಡುಗ್ತದೆ!"

ಸೋಮವಾರ ಬೆಳಗ್ಗೆ ಲಾರಿ ಮತ್ತೆ ಧಡ್ ಧಡ್ ಅಂತು. ದುರುಗಮ್ಮ ಲಾರಿಯ ಕೆಂಪು ಮೂತಿಗೆ ಅರಿಶಿನ ಕುಂಕುಮ ಹಚ್ಚಿದಳು, ಸೇವಂತಿಗೆ ಹಾರ ಹಾಕಿದಳು, ಕಾಯಿ ಒಡೆದಳು. ಒಂದೊಂದು ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟಳು. ಚಕ್ರ ಹತ್ತಿ ಹಣ್ಣು ಒಡೆಯಬೇಕು, ಆಗ ದೃಷ್ಟಿಯೆಲ್ಲಾ ಹೋಗುತ್ತದೆ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಶಾಸ್ತ್ರ.

ಅವಳು ಕೈಮುಗಿದು ಕಣ್ಣು ತೆರೆಯುತ್ತಾಳೆ, ನಿಂಬೆಹಣ್ಣಿಲ್ಲ!

"ಎಲ್ಲೋ ಹಣ್ಣು?"

"ಹೊರಟಿರೋದಕ್ಕೆ ಅಡ್ಡ ಇತ್ತು ಕಣವ್ವಾ. ಎತ್ತಿ ಬಿಸಾಕಿದೆ."

"ಅಯ್ಯೋ ಅಪಶಕುನದವನೇ!" ದುರುಗಮ್ಮ ಅವನ ಕಿವಿ ಹಿಡಿದು ಎಳೆದಳು. ಎಳೆಯಲು ಅವಳು ಕಟ್ಟೆ ಹತ್ತಬೇಕಾಯಿತು. "ಕೇಳಿಲ್ಲಿ. ಲಾರಿ ಚಕ್ರದ ಕೆಳಗೆ ನಿಂಬೆಹಣ್ಣು ಇಡಲೇಬೇಕು! ಸಾಯೋ ತನಕ ನೆನಪಿಟ್ಕೋ. ಚಕ್ರದ ಕೆಳಗೆ ಏನಿಡಬೇಕು?"

"ನಿಂಬೆಹಣ್ಣು!"

"ಇನ್ನೊಂದು ಸಲ!"

"ನಿಂಬೆಹಣ್ಣು!"

ಅವಳು ಹೊಸ ಹಣ್ಣು ಇಟ್ಟಳು. ಮಿಕ್ಕ ನಾಲ್ಕನ್ನು ಮಗನ ಜೇಬಿಗೆ ತುರುಕಿದಳು, ದಾರಿಯಲ್ಲಿ ಬೇಕಾದೀತು ಅಂತ. ಲಾರಿ ಹೊರಟಿತು. ಪಚಕ್, ಪಚಕ್, ಪಚಕ್, ಪಚಕ್!

ಫಕ್ರು ಸ್ಟೇರಿಂಗ್ ಹಿಡಿದಿದ್ದ. ಪಕ್ಕದಲ್ಲಿ ಕೋಳಿ. ಅದರ ಪಕ್ಕ ಹೊಸ ಸೀರೆಯ ದುರುಗಮ್ಮ. ಹಿಂದೆ ಚನ್ನವೀರ. ಅಪ್ಪನ ಲಾರಿಗೆ ಮಗನೇ ಕ್ಲೀನರು ಅಂತ ಓಬಳೇಶ ಬಾಗಿಲಿಗೆ ಜೋತುಬಿದ್ದಿದ್ದ. ಎಂಥಾ ಸವಾರಿ! ಗೊಲ್ಲರದೊಡ್ಡಿಯ ನಾಯಿಗಳು ಬೊಗಳಲೋ ಬೇಡವೋ ಅಂತ ಯೋಚನೆ ಮಾಡುತ್ತಾ ಕೂತುಬಿಟ್ಟವು.

ಗಾದಿಲಿಂಗಪ್ಪನ ಮನೆ ಇದ್ದದ್ದು ಇಳಿಜಾರು ಬೀದಿಯ ಕೊನೆಗೆ. ಅವನು ಒಳಗೆ ಪಡಸಾಲೆಯಲ್ಲಿ, ಮಂಚದ ಮೇಲೆ ಮೀಸೆ ತೀಡುತ್ತಾ ಕೂತಿದ್ದ. ಮಗಳು ಹುಲಿಗಿ ಅಂಗಳದಲ್ಲಿ ಶೇಂಗಾ ಕೇರುತ್ತಿದ್ದಳು. ಮೇಲಿನಿಂದ ಲಾರಿ ಇಳಿಯಿತು. ಫಕ್ರು ಬ್ರೇಕ್ ತುಳಿದ. ಲಾರಿ ನಿಂತ ಹಾಗೆ ಮಾಡಿತು. ಮಾಡಿ, ಮೆಲ್ಲಗೆ ಜಾರಿತು.

"ಓಬಳೇಶಾ! ಹಾರೋ! ಚಕ್ರದ ಕೆಳಗಿಡೋ! ಬೇಗ ಇಡೋ!"

ಓಬಳೇಶ ಹಾರಿದ. ಕಾಲ ಹತ್ತಿರ ಗುಂಡುಕಲ್ಲಿತ್ತು. ನೋಡಿದ. ಕಲ್ಲೇ? ಚಕ್ರದ ಕೆಳಗೆ ಏನಿಡಬೇಕು? ಅವ್ವ ಎರಡೆರಡು ಸಲ ಹೇಳಿಸಿದ್ದಾಳೆ. ಈ ಸಲ ತಪ್ಪಬಾರದು. ಹೆಣ್ಣಿನ ಮನೆ ಮುಂದೆ ತಪ್ಪಲೇಬಾರದು. ಜೇಬಿಗೆ ಕೈ ಹಾಕಿ, ಹಣ್ಣು ತೆಗೆದು, ಚಕ್ರದ ಮುಂದೆ ಚೆಂದವಾಗಿ ಇಟ್ಟ. ಕೈಯನ್ನೂ ಮುಗಿದ.

ಪಚಕ್!

ಲಾರಿ ಅಂಗಳಕ್ಕೆ ಬಂತು. ಓಬಳೇಶ ಪಕ್ಕದಲ್ಲೇ ಓಡುತ್ತಾ ಇನ್ನೊಂದು ಇಟ್ಟ. ಪಚಕ್! ಹುಲಿಗಿ ಮೊರ ಬಿಸಾಕಿ ಪಕ್ಕಕ್ಕೆ ಹಾರಿದಳು. ಇನ್ನೊಂದು. ಪಚಕ್! ಕಟ್ಟೆ ಹತ್ತಿತು. ಕೊನೇ ಹಣ್ಣು. ಪಚಕ್! ಬಾಗಿಲು, ಬಾಗಿಲವಾಡ, ಎರಡು ಮೊಳ ಗೋಡೆ, ಎಲ್ಲಾ ಧೊಪ್ಪನೆ ಒಳಕ್ಕೆ!

ಧೂಳೋ ಧೂಳು. ಲಾರಿಯ ಮೂತಿ ಪಡಸಾಲೆಯೊಳಗೆ ಮಂಚದ ಕಡೆಗೆ ಬರುತ್ತಲೇ ಇದೆ. ಆಗ ಗಾದಿಲಿಂಗಪ್ಪ ಏನು ಮಾಡಿದ ಅಂತೀರಿ? ಓಡಿಹೋದನೇ? ಇಲ್ಲ! ಅವನ ಕಾಲಿಗೆ ಹದಿನೇಳು ವರ್ಷದ ಹಿಂದಿನ ನೆನಪು ಬಂತು. ಮಂಚದಿಂದ ನೆಗೆದ, "ಹೋಲ್ಡ್! ಹೋಲ್ಡ್! ಹೋಲ್ಡ್!" ಅಂತ ಕೂಗಿದ, ಅಡುಗೆಮನೆಯಿಂದ ರುಬ್ಬುವ ಗುಂಡು ಹೊತ್ತು ತಂದು ಚಕ್ರದ ಮುಂದೆ ಕೊಟ್ಟ. ಲಾರಿ ಗಕ್ಕನೆ ನಿಂತಿತು. ಕೋಳಿ ಕೊಕ್ಕೊಕ್ಕೋ ಅಂತ ಕಿಟಕಿಯಿಂದ ಹಾರಿ ಮಂಚದ ಮೇಲೆ ಕೂತಿತು.

ದುರುಗಮ್ಮ ಮುಖ ಮುಚ್ಚಿಕೊಂಡಳು. ಹೋಯಿತು. ಹೆಣ್ಣೂ ಹೋಯಿತು, ಮಾನವೂ ಹೋಯಿತು.

"ಬಾಗಿಲಿಗೆ ಬರ್ಲಿ ಅಂದಿದ್ದೆ!" ಗಾದಿಲಿಂಗಪ್ಪ ಗರ್ಜಿಸಿದ. "ಬಾಗಿಲೇ ಇಲ್ವಲ್ಲೋ ಈಗ!"

"ಬಾಗಿಲಿಗೇ ಬಂದ್ವಿ ಮಾವ" ಅಂದ ಓಬಳೇಶ, ಗೋಡೆಯ ಹೊಸ ಕಿಂಡಿಯಿಂದ ಇಣುಕಿ. "ಅದು ನಮಗಿಂತ ಮುಂಚೆ ಒಳಗೆ ಹೋಯ್ತು."

ಇನ್ನೊಂದು ಬೈಗುಳಕ್ಕೆ ಅಂತ ಬಾಯಿ ತೆರೆದ ಗಾದಿಲಿಂಗಪ್ಪ ಹಾಗೇ ಲಾರಿ ಕಡೆ ತಿರುಗಿದ. ಪಡಸಾಲೆಯೊಳಗಿಂದ ಅವನಿಗೆ ಕಾಣುತ್ತಿದ್ದದ್ದು ಮೂತಿ ಮಾತ್ರ. ಕೆಂಪಗೆ ಹೊಳೆಯುವ, ಹಾರ ಹಾಕಿಕೊಂಡ, ಕುಂಕುಮ ಇಟ್ಟುಕೊಂಡ ಮೂತಿ! ತುಕ್ಕು ಹಿಡಿದ ಮಿಕ್ಕ ಲಾರಿಯೆಲ್ಲಾ ಹೊರಗೆ ಬೀದಿ ಕಡೆ ಇತ್ತು. ಇಡೀ ಲಾರಿ ಹೊಚ್ಚಹೊಸದಾಗಿದೆ ಅಂದುಕೊಂಡ ಮುದುಕ. ಮೆಲ್ಲಗೆ ಹತ್ತಿರ ಹೋದ. ರಬ್ಬರ್ ಹಾರನ್ ಹುಡುಕಿ ಅಮುಕಿದ. ಪೋಂ... ಪೋಂಯ್ಕ್!

"ಬೊಮ್ಮಣ್ಣಾ" ಅಂದ. ಅಂದು, ಮೂತಿಗೆ ಕೆನ್ನೆ ಇಟ್ಟು ನಿಂತುಬಿಟ್ಟ.

ಅಷ್ಟು ಹೊತ್ತಿಗೆ ಹುಲಿಗಿ ಓಬಳೇಶನ ಹತ್ತಿರ ಬಂದಿದ್ದಳು. "ಕಲ್ಲು ಕಾಲಡಿ ಇತ್ತಲ್ಲ, ನಿಂಬೆಹಣ್ಣು ಯಾಕಿಟ್ರಿ?"

ಓಬಳೇಶ ಗಲಿಬಿಲಿಯಾದ. ಹತ್ತು ದಿನದಲ್ಲಿ ಎಲ್ಲರೂ ಬೈದಿದ್ದರು. ಯಾಕೆ ಅಂತ ಕೇಳಿದವರು ಯಾರೂ ಇರಲಿಲ್ಲ. "ಅವ್ವ ಹೇಳಿದ್ಲು. ಅದಕ್ಕೆ ಮುಂಚೆ ಫಕ್ರು ಅಡ್ಡ ಇಡಬೇಡ ಅಂದ. ಅದಕ್ಕೆ ಮುಂಚೆ ಚನ್ನವೀರ ಬಿರಡೆ ಜಡಿ ಅಂದ..." ಅಂತ ಮಡ್ಗಾರ್ಡಿನ ತನಕ ಎಲ್ಲಾ ಹೇಳಿದ.

ಹುಲಿಗಿ ಒಂದೂ ಬಿಡದೆ ಕೇಳಿಸಿಕೊಂಡಳು. ಆಮೇಲೆ ಅಪ್ಪನಿಗೆ ಹೇಳಿದಳು: "ಅಪ್ಪಾ, ಹೇಳಿದ್ದನ್ನ ಹೇಳಿದಂಗೆ ಮಾಡೋ ಗಂಡಸನ್ನ ನಾನು ಈ ಊರಲ್ಲಿ ಕಂಡಿಲ್ಲ. ಹೇಳೋರು ನೋಡಿ ಹೇಳಿದ್ರೆ ಸಾಕು. ನಾನು ಒಪ್ಪಿದೆ."

ಗಾದಿಲಿಂಗಪ್ಪ ಮೂಗೊರೆಸಿಕೊಂಡ. "ಮಾತು ಕೊಟ್ಟೀನಿ, ತಪ್ಪೋದಿಲ್ಲ. ಆದ್ರೆ ಅಳಿಯಾ, ಕ್ಲೀನರ್ ಕೆಲಸ ನಾನು ಹೇಳಿಕೊಡ್ತೀನಿ, ಕಲಿ! ಬಾಗಿಲಿಗೆ ಏನೇ ಬಂದು ನಿಲ್ಲಲಿ, ಮುಂದೊಂದು ಹಿಂದೊಂದು ಕಲ್ಲು ಕೊಡಬೇಕು. ಕಲ್ಲು! ಹೊರಡುವಾಗ ಕಲ್ಲು ತೆಗೆದು, ಎರಡು ಸಲ ತಟ್ಟಿ, ರೈಟ್ ಅನ್ನಬೇಕು. ತಿಳೀತಾ?"

"ತಿಳೀತು ಮಾವ! ಮುಂದಿನ ಸಲ ಹಂಗೇ ಮಾಡ್ತೀನಿ!"

ಫಕ್ರು ಎದೆ ಹಿಡಿದುಕೊಂಡ.

ಮದುವೆ ಆಯಿತು. ಅಕ್ಕಿಕಾಳು ಬಿತ್ತು, ವಾಲಗ ಊದಿತು. ಅದೇ ಲಾರಿಯಲ್ಲಿ ಮದುಮಕ್ಕಳು ಹುಣಸೇಕಟ್ಟೆಗೆ ಬಂದರು. ದುರುಗಮ್ಮ ಹೊಸ್ತಿಲ ಮೇಲೆ ಸೇರು ತುಂಬ ಅಕ್ಕಿ ಇಟ್ಟಳು. ಸೊಸೆ ಬಲಗಾಲಿನಿಂದ ಒದ್ದು ಒಳಗೆ ಬರಬೇಕು. ಊರೆಲ್ಲಾ ಸೇರಿತ್ತು. ಹುಲಿಗಿ ಬಾಗಿಲಿಗೆ ಬಂದು ನಿಂತಳು.

ಬಾಗಿಲಿಗೆ ಬಂದು ನಿಂತಳು!

ಓಬಳೇಶನಿಗೆ ಜುಮ್ಮೆಂದಿತು. ಗಂಟು ಹಾಕಿದ್ದ ಶಲ್ಯ ಹೆಂಡತಿಯ ಸೆರಗಿಗೇ ಬಿಟ್ಟು, ಬಾಸಿಂಗ ಅಲ್ಲಾಡಿಸುತ್ತಾ ಲಾರಿಯ ಹತ್ತಿರ ಓಡಿದ. ಎರಡು ಗುಂಡುಕಲ್ಲು ತಂದ. ಒಂದನ್ನು ಮದುಮಗಳ ಕಾಲಿನ ಮುಂದೆ ಕೊಟ್ಟ. ಒಂದನ್ನು ಹಿಮ್ಮಡಿಯ ಹಿಂದೆ ಕೊಟ್ಟ. ಅಲ್ಲಾಡುತ್ತದೇನೋ ಅಂತ ಒದ್ದು ನೋಡಿದ. ಭದ್ರ!

"ಅಯ್ಯಯ್ಯೋ!" ಅಂದರು ಹೆಂಗಸರು. "ತೆಗೆಯೋ!" ಅಂದ ಫಕ್ರು. "ಮುಟ್ಟಬೇಡ್ವೋ!" ಅಂದ ಚನ್ನವೀರ. "ನಾನು ಹೇಳಿದ್ದು ಲಾರಿಗೆ ಕಣೋ!" ಅಂದ ಗಾದಿಲಿಂಗಪ್ಪ. ದುರುಗಮ್ಮ ಹಣೆ ಚಚ್ಚಿಕೊಂಡಳು. ಓಬಳೇಶ ಒಬ್ಬೊಬ್ಬರ ಮುಖ ನೋಡಿದ. ಎಲ್ಲರೂ ಒಟ್ಟಿಗೇ ಹೇಳಿದರೆ ಯಾರದ್ದನ್ನು ಹೇಳಿದ ಹಾಗೆ ಮಾಡುವುದು? ಕಣ್ಣಲ್ಲಿ ನೀರು ಬಂತು.

ಹುಲಿಗಿ ಕೈ ಎತ್ತಿದಳು. ಎಲ್ಲಾ ಸುಮ್ಮನಾದರು.

"ಇಲ್ನೋಡ್ರಿ. ನಾನೀಗ ನಿಂತಿಲ್ಲ, ಹೊರಟೀನಿ. ಹೊರಡುವಾಗ ಕಲ್ಲೇನು ಮಾಡಬೇಕು?"

"ತೆಗೀಬೇಕು!"

"ತೆಗೀರಿ. ನಿಮ್ಮವ್ವ ಹೊರಡುವಾಗ ಏನಿಟ್ಟಿದ್ರು?"

"ನಿಂಬೆಹಣ್ಣು!"

"ಇಡ್ರಿ ಮತ್ತೆ."

ಓಬಳೇಶನ ಮುಖ ಅರಳಿತು. ಕಲ್ಲು ತೆಗೆದ. ಲಾರಿಯ ಹಾರದಲ್ಲಿ ಕಟ್ಟಿದ್ದ ನಿಂಬೆಹಣ್ಣು ಕಿತ್ತು ತಂದು ಅವಳ ಬಲಗಾಲಿನ ಮುಂದೆ ಇಟ್ಟ. ಕೈಮುಗಿದ.

ಪಚಕ್!

ಹುಲಿಗಿ ಹಣ್ಣು ತುಳಿದು, ಸೇರು ಒದ್ದು, ಒಳಗೆ ನಡೆದಳು. ಅಕ್ಕಿ ನಡುಮನೆ ತನಕ ಚೆಲ್ಲಿತು. ದುರುಗಮ್ಮ ಹಣೆಗೆ ಎತ್ತಿದ್ದ ಕೈಯನ್ನು ಅಲ್ಲಿಗೇ ಇಳಿಸಿದಳು.

ಓಬಳೇಶನ ಕೆಲಸ ಮಾತ್ರ ಇನ್ನೂ ಮುಗಿದಿರಲಿಲ್ಲ. ಬಾಗಿಲವಾಡಕ್ಕೆ ಒಂದು ಕೈಯಲ್ಲಿ ಜೋತುಬಿದ್ದು, ಒಂದು ಕಾಲು ಹೊರಗೆ ಚಾಚಿ, ಬಾಗಿಲನ್ನು ಧಬ್ ಧಬ್ ಅಂತ ಎರಡು ಸಲ ತಟ್ಟಿ, ಏಳೂರಿಗೆ ಕೇಳುವ ಹಾಗೆ ಕೂಗಿದ:

"ರೈಟ್! ಹೋಗ್ಲೀ...!"

ಅವರ ಗಾಡಿ ಹೊರಟಿತು. ನೀವು ಹೂಂ ಅನ್ನುವುದನ್ನು ಇನ್ನು ನಿಲ್ಲಿಸಬಹುದು. ಆದರೆ ಏಳುವ ಮುಂಚೆ ಕಾಲ ಮುಂದೆ ಕಲ್ಲಿದೆಯೋ ನಿಂಬೆಹಣ್ಣಿದೆಯೋ ನೋಡಿಕೊಂಡು ಏಳಿ.